ಸೂಜಿ ತೆಗೆದ ಮೇಲೆ ಟಿಪ್ ಕೊಡಬೇಕೆ? ಅಮೆರಿಕದಲ್ಲಿ ಅಕ್ಯುಪಂಕ್ಚರ್, ಮಸಾಜ್ ಮತ್ತಿತರ ಚಿಕಿತ್ಸೆ ಪಡೆಯುವವರಿಗೆ ಸಮಗ್ರ ಮಾರ್ಗದರ್ಶಿ

ಮುಕ್ಕಾಲು ಗಂಟೆ ಮಂದ ಬೆಳಕಿನ ಕೋಣೆಯಲ್ಲಿ ಕವುಚಿ ಮಲಗಿದ್ದೀರಿ. ಸೂಜಿಗಳನ್ನು ಒಂದೊಂದಾಗಿ ಕಿತ್ತು, ಎಣಿಸಿ, ಕೆಂಪು ಡಬ್ಬಿಗೆ ಹಾಕಿದ್ದಾರೆ. ಸೊಂಟ ಹಗುರಾಗಿದೆ, ತಲೆ ಇನ್ನೂ ಅರೆನಿದ್ದೆಯಲ್ಲಿದೆ. ಕಾಲುಚೀಲ ಹಾಕಿಕೊಂಡು ಹೊರಗೆ ಬಂದರೆ ಮೇಜಿನ ಮೇಲಿನ ಪರದೆಯನ್ನು ನಿಮ್ಮ ಕಡೆಗೆ ತಿರುಗಿಸುತ್ತಾರೆ. ಶೇಕಡಾ 18, 20, 25 ಎಂದು ಮೂರು ದಪ್ಪ ಗುಂಡಿಗಳು. ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿ ‘ಟಿಪ್ ಬೇಡ’. ಸೂಜಿ ಚುಚ್ಚುವಾಗ ಆಗದ ನೋವು ಆಗ ಶುರುವಾಗುತ್ತದೆ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ರೆಸ್ಟೋರೆಂಟಿನ ಟಿಪ್ ಲೆಕ್ಕ ಒಂದೆರಡು ತಿಂಗಳಲ್ಲಿ ಬಾಯಿಪಾಠವಾಗುತ್ತದೆ. ಚಿಕಿತ್ಸೆಯ ವಿಷಯ ಹಾಗಲ್ಲ. ಹತ್ತು ವರ್ಷದಿಂದ ಇಲ್ಲಿರುವವರೂ ತಡವರಿಸುತ್ತಾರೆ, ದಾಕ್ಷಿಣ್ಯಕ್ಕೆ ಬಿದ್ದು ಮಧ್ಯದ ಗುಂಡಿ ಒತ್ತಿ ಬರುತ್ತಾರೆ. ನಾನೂ ಒತ್ತಿದ್ದೇನೆ.

ಅವಸರದಲ್ಲಿರುವವರಿಗೆ ಉತ್ತರ ಇಷ್ಟು: ಪರವಾನಗಿ ಪಡೆದ ಅಕ್ಯುಪಂಕ್ಚರ್ ತಜ್ಞರು ಸ್ವಂತ ಕ್ಲಿನಿಕ್‌ನಲ್ಲಿ ಚಿಕಿತ್ಸೆ ಕೊಟ್ಟರೆ ಟಿಪ್ ಬೇಕಿಲ್ಲ. ಸ್ಪಾದಲ್ಲಿ ಮಸಾಜ್ ಮಾಡಿದವರಿಗೆ ಶೇಕಡಾ 15ರಿಂದ 20 ಕೊಡಬೇಕು. ಇವೆರಡರ ನಡುವೆ ಬರುವವರು ಬಹಳ ಮಂದಿ. ಮುಂದೆ ಬರೆದಿರುವುದೆಲ್ಲ ಅವರಿಗೆ ಸಂಬಂಧಿಸಿದ್ದು.

ಮೊದಲು ಒಂದು ಮಾತು: ಈ ಹಣದ ಹೆಸರೇನು?

ಕೈಯಿಂದ ಕೈಗೆ ದಾಟುವ ಹಣಕ್ಕೆ ಕನ್ನಡದಲ್ಲಿ ಹೆಸರುಗಳಿಗೆ ಬರವಿಲ್ಲ. ಕೆಲಸಕ್ಕೆ ಕೂಲಿ, ವೃತ್ತಿಗೆ ಶುಲ್ಕ, ಗುರುವಿಗೆ ದಕ್ಷಿಣೆ, ದೇವರಿಗೆ ಕಾಣಿಕೆ, ಖುಷಿಗೆ ಭಕ್ಷೀಸು, ಕೆಲಸ ಕೆಡದಿರಲೆಂದು ಲಂಚ. ಅಮೆರಿಕದ ಟಿಪ್ ಹೆಸರಿಗೆ ಭಕ್ಷೀಸು, ಲೆಕ್ಕಕ್ಕೆ ಕೂಲಿ. ಇಲ್ಲಿನ ಒಕ್ಕೂಟ ಸರ್ಕಾರದ ಕಾನೂನಿನ ಪ್ರಕಾರ ಟಿಪ್ ಪಡೆಯುವ ನೌಕರರಿಗೆ ಮಾಲೀಕರು ಕೈಯಿಂದ ಕೊಡಬೇಕಾದ ಕನಿಷ್ಠ ವೇತನ ಗಂಟೆಗೆ 2.13 ಡಾಲರ್. 1991ರಿಂದ ಅದು ಒಂದು ಸೆಂಟ್ ಕೂಡ ಏರಿಲ್ಲ. ಉಳಿದವರ ಕನಿಷ್ಠ ವೇತನವಾದ 7.25 ಡಾಲರ್ ತಲುಪುವಷ್ಟು ಹಣ ಗಿರಾಕಿಯ ಜೇಬಿನಿಂದ ಬರಬೇಕೆಂಬುದು ಆ ವ್ಯವಸ್ಥೆಯ ಎಣಿಕೆ. ಎಷ್ಟೋ ರಾಜ್ಯಗಳು ಇದಕ್ಕಿಂತ ಹೆಚ್ಚು ನಿಗದಿ ಮಾಡಿವೆ, ಆದರೆ ಅಭ್ಯಾಸ ಹುಟ್ಟಿದ್ದು ಈ ಎಣಿಕೆಯಿಂದ. ರೆಸ್ಟೋರೆಂಟಿನಲ್ಲಿ ಟಿಪ್ ಕೊಡದೆ ಎದ್ದು ಬಂದರೆ ಬಡಿಸಿದವರ ಕೂಲಿ ಕತ್ತರಿಸಿದಂತೆ ಆಗುವುದು ಅದಕ್ಕೇ.

ನಿಮ್ಮ ಮಣಿಕಟ್ಟು ಹಿಡಿದು ನಾಡಿ ನೋಡುವವರ ದರವನ್ನು ಹೀಗೆ ಯಾರೂ ಕಟ್ಟಿರುವುದಿಲ್ಲ. ಅವರು ಕೇಳಿದ ಶುಲ್ಕದಲ್ಲೇ ಬಾಡಿಗೆ, ಸೂಜಿ, ಓದಿನ ಸಾಲ, ದುಡಿಮೆ ಎಲ್ಲವೂ ಸೇರಿರುತ್ತದೆ. ಹಾಗಾಗಿ ಎಲ್ಲೇ ಆಗಲಿ ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಾನು ಕೊಡುವ ಟಿಪ್ಪನ್ನು ಇವರ ಕೂಲಿಯ ಭಾಗವೆಂದು ಮೊದಲೇ ಎಣಿಸಿದ್ದಾರೆಯೇ?

ಹೆಜ್ಜೆ 1: ಸಮಯ ಗೊತ್ತುಮಾಡುವಾಗಲೇ ಕೇಳಿಬಿಡಿ

ಕ್ಲಿನಿಕ್‌ನ ಜಾಲತಾಣದಲ್ಲಿ ದರದ ಪುಟವಿದ್ದರೆ ಓದಿ. ‘ಟಿಪ್ ಸ್ವೀಕರಿಸುವುದಿಲ್ಲ’ ಎಂದು ಹಲವರು ಅಲ್ಲೇ ಬರೆದಿರುತ್ತಾರೆ. ಇಲ್ಲದಿದ್ದರೆ ಫೋನ್ ಮಾಡಿದಾಗ, ವಿಮೆ ಮತ್ತು ಪಾರ್ಕಿಂಗ್ ವಿಚಾರಿಸುವ ಉಸಿರಿನಲ್ಲೇ, ‘ನಿಮ್ಮಲ್ಲಿ ಟಿಪ್ ಕೊಡುವ ಪದ್ಧತಿ ಇದೆಯೇ?’ ಎಂದು ಕೇಳಿ. ಸ್ವಾಗತದ ಮೇಜಿನಲ್ಲಿರುವವರಿಗೆ ಇದು ದಿನನಿತ್ಯದ ಪ್ರಶ್ನೆ. ಅದೇ ಪ್ರಶ್ನೆಯನ್ನು ಸೂಜಿ ಚುಚ್ಚುವವರ ಮುಖ ನೋಡಿಕೊಂಡು ಕೇಳಿದರೆ ಇಬ್ಬರಿಗೂ ಮುಜುಗರ. ಅವರು ‘ಬೇಡ’ ಎಂದರೂ ಅದು ನಿಜವಾದ ಬೇಡವೋ ಉಪಚಾರದ ಬೇಡವೋ ಎಂದು ನೀವು ಮನೆವರೆಗೂ ಯೋಚಿಸುತ್ತಾ ಹೋಗುತ್ತೀರಿ. ಊಟಕ್ಕೆ ಕುಳಿತಾಗ ‘ಸಾಕು, ಸಾಕು’ ಎನ್ನುತ್ತಲೇ ಎಲೆ ಮುಂದೆ ಸರಿಸುವ ಜನ ನಾವು.

ಹೆಜ್ಜೆ 2: ಮುಟ್ಟುವ ಕೈ ಯಾರದು ನೋಡಿ

ಗೋಡೆಯ ಮೇಲೆ ಚೌಕಟ್ಟು ಹಾಕಿ ತೂಗುಹಾಕಿದ ಪರವಾನಗಿ ಪತ್ರ ಇರುತ್ತದಲ್ಲ, ಅದನ್ನು ಓದಿ. ಅಕ್ಯುಪಂಕ್ಚರ್ ಅಮೆರಿಕದ ಜನಸಾಮಾನ್ಯರ ಕಿವಿಗೆ ಬಿದ್ದದ್ದು 1971ರಲ್ಲಿ. ಜೇಮ್ಸ್ ರೆಸ್ಟನ್ ಎಂಬ ಪತ್ರಕರ್ತರಿಗೆ ಬೀಜಿಂಗ್‌ನಲ್ಲಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಗಿ, ಆಮೇಲಿನ ಹೊಟ್ಟೆಯ ಸಂಕಟಕ್ಕೆ ಅಲ್ಲಿಯವರು ಸೂಜಿ ಚುಚ್ಚಿದರು. ಅವರು ಅದನ್ನು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದರು. ಎರಡೇ ವರ್ಷದಲ್ಲಿ, 1973ರಲ್ಲಿ, ನೆವಾಡ ರಾಜ್ಯ ಈ ವೃತ್ತಿಗೆ ಪರವಾನಗಿ ಕಾನೂನು ತಂದಿತು. ಈಗ ಬಹುತೇಕ ರಾಜ್ಯಗಳಲ್ಲಿ ಅಂಥ ಕಾನೂನಿದೆ. ಪರವಾನಗಿಗೆ ಸಾಮಾನ್ಯವಾಗಿ ಸ್ನಾತಕೋತ್ತರ ಮಟ್ಟದ ಮೂರು–ನಾಲ್ಕು ವರ್ಷದ ಓದು, ಮೇಲೊಂದು ಪರೀಕ್ಷೆ. 1996ರಲ್ಲಿ ಆಹಾರ ಮತ್ತು ಔಷಧ ಆಡಳಿತವು ಸೂಜಿಯನ್ನು ‘ಪ್ರಾಯೋಗಿಕ’ ಸಾಧನಗಳ ಪಟ್ಟಿಯಿಂದ ತೆಗೆದು, ಒಂದೇ ಸಲ ಬಳಸಿ ಬಿಸಾಡಬೇಕೆಂಬ ನಿಯಮದೊಂದಿಗೆ ಸಾಮಾನ್ಯ ವೈದ್ಯಕೀಯ ಸಾಧನಗಳ ಸಾಲಿಗೆ ಸೇರಿಸಿತು.

ಇಷ್ಟು ಪುರಾಣ ಹೇಳಿದ್ದೇಕೆಂದರೆ, ತಮ್ಮನ್ನು ವೈದ್ಯಕೀಯದ ಸಾಲಿನಲ್ಲಿ ಕೂರಿಸಬೇಕೆಂದು ಈ ವೃತ್ತಿಯವರು ಅರ್ಧ ಶತಮಾನ ಹೋರಾಡಿದ್ದಾರೆ. ಅವರ ಕೈಗೆ ಮಡಚಿದ ನೋಟು ತುರುಕಿದರೆ ಕೆಲವರಿಗೆ ಅದು ಸಂತೋಷಕ್ಕಿಂತ ಹೆಚ್ಚಾಗಿ ಚುಚ್ಚುತ್ತದೆ. ನಾನು ಮೊದಲ ಸಲ ಹೋದಾಗ 20 ಡಾಲರ್ ನೋಟನ್ನು ಲಕೋಟೆಯಲ್ಲಿಟ್ಟು, ಹೆಸರು ಬರೆದು, ಮೇಜಿನ ಮೇಲೆ ಬಿಟ್ಟು ಬಂದೆ. ಯಾರೂ ಏನೂ ಹೇಳಲಿಲ್ಲ. ಮುಂದಿನ ಭೇಟಿಯ ಬಿಲ್ಲಿನಲ್ಲಿ 20 ಡಾಲರ್ ನನ್ನ ಖಾತೆಗೆ ಜಮಾ ಆಗಿತ್ತು. ಅಷ್ಟು ನಯವಾಗಿ ‘ಬೇಡ’ ಹೇಳಿಸಿಕೊಂಡದ್ದು ನನಗೆ ಅದೇ ಮೊದಲು.

ಇದೇ ಸಾಲಿನಲ್ಲಿ ವೈದ್ಯರು, ದಂತವೈದ್ಯರು, ದಾದಿಯರು, ಫಿಸಿಯೋಥೆರಪಿಸ್ಟ್‌ಗಳು, ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ಸರಿಪಡಿಸುವ ಕೈರೋಪ್ರಾಕ್ಟರ್‌ಗಳು, ಮನಶ್ಶಾಸ್ತ್ರಜ್ಞರು, ಕನ್ನಡಕ ಬರೆದುಕೊಡುವವರು ಎಲ್ಲರೂ ಬರುತ್ತಾರೆ. ಇವರಿಗೆ ಟಿಪ್ ಇಲ್ಲ. ಆಪ್ತಸಮಾಲೋಚಕರಿಗಂತೂ ಕೊಡಲೇಬೇಡಿ, ಅಲ್ಲಿ ನೀವೇಕೆ ಕೊಟ್ಟಿರಿ ಎಂಬುದೇ ಮುಂದಿನ ಗಂಟೆಯ ಚರ್ಚೆಯಾದೀತು.

ಯಾಕಿಲ್ಲ ಎಂಬುದಕ್ಕೆ ಗೌರವಕ್ಕಿಂತ ಗಟ್ಟಿಯಾದ ಕಾರಣವೊಂದಿದೆ. ಹಂಗರಿಯಲ್ಲಿ ‘ಕೃತಜ್ಞತೆಯ ಹಣ’ ಎಂಬ ಹೆಸರಿನಲ್ಲಿ ವೈದ್ಯರ ಜೇಬಿಗೆ ಲಕೋಟೆ ಇಡುವ ಪದ್ಧತಿ ದಶಕಗಟ್ಟಲೆ ನಡೆದಿತ್ತು. ಖುಷಿಗೆಂದು ಕೊಟ್ಟದ್ದು ಬರಬರುತ್ತ ಕೊಡದಿದ್ದರೆ ಏನಾದೀತೋ ಎಂಬ ಹೆದರಿಕೆಯ ಹಣವಾಯಿತು. 2021ರಿಂದ ಅಲ್ಲಿ ಕೊಡುವುದೂ ಪಡೆಯುವುದೂ ಅಪರಾಧ. ಬಡಿಸುವವರಿಗೆ ಹೆಚ್ಚು ಟಿಪ್ ಕೊಟ್ಟರೆ ಇನ್ನೊಂದು ಲೋಟ ನೀರು ಬೇಗ ಬಂದೀತು. ಚಿಕಿತ್ಸೆ ಕೊಡುವವರಿಗೆ ಹಾಗೆ ಕೊಟ್ಟರೆ ಮೊದಲು ಯಾರ ನೋವು ನೋಡಬೇಕು, ನಿಮಗೆ ಇನ್ನೆಷ್ಟು ಸಲ ಬರಲು ಹೇಳಬೇಕು ಎಂಬ ತೀರ್ಮಾನಕ್ಕೇ ಹಣದ ವಾಸನೆ ಹತ್ತುತ್ತದೆ. ‘ನಿಮಗೆ ಇನ್ನು ಚಿಕಿತ್ಸೆ ಬೇಕಿಲ್ಲ, ಬರಬೇಡಿ’ ಎಂದು ಹೇಳುವ ಸ್ವಾತಂತ್ರ್ಯ ಅವರಿಗೆ ಉಳಿಯಬೇಕು. ನಮಗೂ ಅದರಲ್ಲೇ ಲಾಭ.

ಹೆಜ್ಜೆ 3: ಕಟ್ಟಡ ಯಾವುದು ನೋಡಿ

ಇಕ್ಕಟ್ಟಿನ ಜಾಗ ಇದೇ, ಮುಖ್ಯವಾಗಿ ಮಸಾಜ್ ವಿಷಯದಲ್ಲಿ. ಅದೇ ಪರವಾನಗಿ, ಅದೇ ಮೊಣಕೈ, ಅದೇ ಎಣ್ಣೆ; ಜಾಗ ಬದಲಾದರೆ ರೂಢಿ ಬದಲು.

ಹೋಟೆಲಿನ ಸ್ಪಾ ಅಥವಾ ಸದಸ್ಯತ್ವದ ಮಸಾಜ್ ಮಳಿಗೆಯಾದರೆ ಮಸಾಜ್ ಮಾಡುವವರು ನೌಕರರು. ನೀವು ಕೊಟ್ಟ ದರದಲ್ಲಿ ಅವರಿಗೆ ಸೇರುವುದು ಒಂದು ಪಾಲು ಮಾತ್ರ, ಉಳಿದದ್ದು ಟಿಪ್ಪಿನಿಂದ ತುಂಬುತ್ತದೆ ಎಂಬ ಲೆಕ್ಕದ ಮೇಲೆಯೇ ಆ ವ್ಯವಹಾರ ನಿಂತಿರುತ್ತದೆ. ಇಲ್ಲಿ ಶೇಕಡಾ 15ರಿಂದ 20 ಕೊಡಿ, ಗೊಣಗದೆ ಕೊಡಿ. ಸ್ಪಾದಲ್ಲೇ ಅಕ್ಯುಪಂಕ್ಚರ್ ಮಾಡಿಸಿಕೊಂಡರೆ? ಆಗ ಸ್ಪಾದ ರೂಢಿಯೇ ನಡೆಯುತ್ತದೆ. ಆದರೆ ಮೇಜಿನಲ್ಲಿ ಒಂದು ಮಾತು ಕೇಳಿ, ಏಕೆಂದರೆ ವಾರಕ್ಕೆರಡು ದಿನ ಬಂದು ಹೋಗುವ ತಜ್ಞರು ತಮ್ಮ ಶುಲ್ಕವನ್ನು ತಾವೇ ಗೊತ್ತುಮಾಡಿರುವುದುಂಟು.

ಫಿಸಿಯೋಥೆರಪಿ ಕೇಂದ್ರ, ಆಸ್ಪತ್ರೆ ಅಥವಾ ಕೈರೋಪ್ರಾಕ್ಟರ್ ಕ್ಲಿನಿಕ್‌ನೊಳಗೆ ಚಿಕಿತ್ಸೆಯ ಭಾಗವಾಗಿ ಮಸಾಜ್ ಆದರೆ ಟಿಪ್ ನಿರೀಕ್ಷೆ ಇರುವುದಿಲ್ಲ. ಕೈರೋಪ್ರಾಕ್ಟರ್ ಕ್ಲಿನಿಕ್‌ನಲ್ಲಿ ಮಾತ್ರ ಕೆಲವೊಮ್ಮೆ ಮಸಾಜ್ ಕೋಣೆ ಬೇರೆಯೇ ವ್ಯವಹಾರವಾಗಿ ನಡೆಯುತ್ತದೆ. ಬಿಲ್ಲು ಎರಡು ಬಂದರೆ ಅದು ಸುಳಿವು.

ಸ್ವಂತ ಕೋಣೆ ಇಟ್ಟುಕೊಂಡು ಒಬ್ಬರೇ ಮಸಾಜ್ ಮಾಡುವವರ ವಿಷಯದಲ್ಲಿ ಒಮ್ಮತವಿಲ್ಲ. ಮಾಲೀಕರಿಗೆ ಟಿಪ್ ಬೇಡವೆಂಬುದು ಹಳೆಯ ರೂಢಿ. ಕೊಟ್ಟರೆ ಸಂತೋಷದಿಂದ ಪಡೆಯುವವರು ಅನೇಕರಿದ್ದಾರೆ. ನಾನು ಅಂಥಲ್ಲಿ ಪ್ರತಿ ಸಲ ಕೊಡುವುದಿಲ್ಲ, ವರ್ಷಾಂತ್ಯದಲ್ಲಿ ಒಂದು ಸಲದ ದರವನ್ನು ಕಾರ್ಡಿನೊಳಗಿಟ್ಟು ಕೊಡುತ್ತೇನೆ. ಇದು ನಿಯಮವಲ್ಲ, ನನಗೆ ಒಗ್ಗಿದ ದಾರಿ. ಮನೆಗೇ ಮೇಜು ಹೊತ್ತು ತಂದು ಮಸಾಜ್ ಮಾಡುವವರಿಗೆ ಕೊಡಿ. ಆ ಮೇಜಿನ ಭಾರ ಒಮ್ಮೆ ಎತ್ತಿ ನೋಡಿದರೆ ಎಷ್ಟೆಂದು ನಾನು ಹೇಳಬೇಕಾಗಿಲ್ಲ.

ಮನಸ್ಸಿನಲ್ಲಿ ಗೆರೆ ಎಳೆದುಕೊಳ್ಳಲು ತೆರಿಗೆ ಕಾನೂನು ಕೂಡ ನೆರವಾಗುತ್ತದೆ. 2025ರ ಜುಲೈನಲ್ಲಿ ಬಂದ ಕಾನೂನು ಟಿಪ್ ಆದಾಯಕ್ಕೆ ವರ್ಷಕ್ಕೆ 25,000 ಡಾಲರ್‌ವರೆಗೆ ತೆರಿಗೆ ಕಡಿತ ಕೊಟ್ಟಿದೆ, 2028ರವರೆಗೆ. ವಾಡಿಕೆಯಾಗಿ ಟಿಪ್ ಪಡೆಯುವ ವೃತ್ತಿಗಳ ಪಟ್ಟಿಯಲ್ಲಿ ಮಸಾಜ್ ಮಾಡುವವರಿದ್ದಾರೆ. ಆರೋಗ್ಯ ಸೇವೆಯ ವ್ಯವಹಾರಗಳನ್ನು ಆ ಕಾನೂನು ಹೊರಗಿಟ್ಟಿದೆ.

ಅಕ್ಯುಪಂಕ್ಚರ್ ಕಾಲೇಜುಗಳ ಕಲಿಕಾ ಕ್ಲಿನಿಕ್‌ಗಳಲ್ಲಿ ವಿದ್ಯಾರ್ಥಿಗಳು ಕಡಿಮೆ ದರಕ್ಕೆ ಚಿಕಿತ್ಸೆ ಕೊಡುತ್ತಾರೆ. ಅವರಿಗೆ ಟಿಪ್ ಕೊಡಬೇಡಿ. ಮೇಲ್ವಿಚಾರಕರಿಗೆ ಒಂದೆರಡು ಒಳ್ಳೆಯ ಮಾತು ಬರೆದುಕೊಡಿ.

ಹೆಜ್ಜೆ 4: ಹಣ ಯಾರದು ನೋಡಿ

ಬಿಲ್ಲನ್ನು ವಿಮೆ ತುಂಬುತ್ತಿದ್ದರೆ ಟಿಪ್ ಪ್ರಶ್ನೆಯನ್ನು ಅಲ್ಲಿಗೇ ಕೈಬಿಡಬಹುದು. ವಿಮೆಯ ಜಾಲದೊಳಗಿನ ಚಿಕಿತ್ಸಕರು ಕಂಪನಿಯೊಂದಿಗೆ ದರದ ಒಪ್ಪಂದ ಮಾಡಿಕೊಂಡಿರುತ್ತಾರೆ. ನಿಮ್ಮ ಪಾಲಿಗೆ ಬರುವುದು ಕೋ-ಪೇ ಅಥವಾ ಅದರಂಥ ಒಂದು ಭಾಗ. ಪರದೆಯ ಶೇಕಡಾ ಲೆಕ್ಕ ಇಲ್ಲಿ ಹೇಗೆ ನಗೆಪಾಟಲಾಗುತ್ತದೆ ನೋಡಿ: 120 ಡಾಲರ್ ಚಿಕಿತ್ಸೆ, ನಿಮ್ಮ ಕೋ-ಪೇ 25 ಡಾಲರ್. ಯಂತ್ರ 25ರ ಶೇಕಡಾ 20 ಎಂದು 5 ಡಾಲರ್ ಕೇಳುತ್ತದೆ. ಪಕ್ಕದ ಕುರ್ಚಿಯಲ್ಲಿ ವಿಮೆಯಿಲ್ಲದೆ ಬಂದವರಿಂದ ಅದೇ ಸೂಜಿಗಳಿಗೆ 24 ಡಾಲರ್ ಕೇಳುತ್ತದೆ.

ಅರವತ್ತೈದು ದಾಟಿದವರಿಗೆ ಸರ್ಕಾರದ ಆರೋಗ್ಯ ವಿಮೆಯಾದ ಮೆಡಿಕೇರ್ 2020ರ ಜನವರಿಯಿಂದ ದೀರ್ಘಕಾಲದ ಕೆಳಬೆನ್ನು ನೋವಿಗೆ ಅಕ್ಯುಪಂಕ್ಚರ್ ವೆಚ್ಚ ಭರಿಸುತ್ತಿದೆ: 90 ದಿನದಲ್ಲಿ 12 ಸಲ, ಗುಣ ಕಂಡರೆ ಇನ್ನೂ 8, ವರ್ಷಕ್ಕೆ 20 ಮೀರುವಂತಿಲ್ಲ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಇದನ್ನು ಗುರುತು ಹಾಕಿಕೊಳ್ಳಿ. ಅಲ್ಲಿಯೂ ಟಿಪ್ ಇಲ್ಲ.

ಮಾಜಿ ಸೈನಿಕರ ಸರ್ಕಾರಿ ಆಸ್ಪತ್ರೆಗಳಲ್ಲಿ ಅಕ್ಯುಪಂಕ್ಚರ್ ದೊರೆಯುತ್ತದೆ. ಅಲ್ಲಿನವರು ಒಕ್ಕೂಟ ಸರ್ಕಾರದ ನೌಕರರು. ಉಡುಗೊರೆ ನಿಯಮ ಅವರಿಗೆ ಬಿಗಿ. ಒಂದು ಸಲಕ್ಕೆ 20 ಡಾಲರ್, ಒಬ್ಬರಿಂದ ವರ್ಷಕ್ಕೆ 50 ಡಾಲರ್ ಮೌಲ್ಯ ಮೀರುವಂತಿಲ್ಲ, ನಗದನ್ನಂತೂ ಮುಟ್ಟುವಂತಿಲ್ಲ. ನೀವು ಪ್ರೀತಿಯಿಂದ ಕೊಟ್ಟ ನೋಟು ಅವರ ಕೆಲಸಕ್ಕೆ ಸಂಚಕಾರ ತರಬಹುದು.

ಇನ್ನು ಎಚ್‌ಎಸ್‌ಎ ಕಾರ್ಡು, ಅಂದರೆ ವೈದ್ಯಕೀಯ ಖರ್ಚಿಗೆಂದು ತೆರಿಗೆಯಿಲ್ಲದೆ ಹಣ ಕೂಡಿಡುವ ಖಾತೆಯ ಕಾರ್ಡು. ಅಕ್ಯುಪಂಕ್ಚರ್ ವೆಚ್ಚವನ್ನು ತೆರಿಗೆ ಇಲಾಖೆ ವೈದ್ಯಕೀಯ ಖರ್ಚೆಂದು ಒಪ್ಪುತ್ತದೆ, ಆದ್ದರಿಂದ ಆ ಖಾತೆಯಿಂದ ಕೊಡಬಹುದು. ಟಿಪ್ ಚಿಕಿತ್ಸೆಯ ಬೆಲೆಯಲ್ಲ. ಸ್ಪಾದಲ್ಲೋ ಮತ್ತೆಲ್ಲೋ ಕೊಡಲೇಬೇಕಾಗಿ ಬಂದರೆ ಅದನ್ನು ಬೇರೆ ಕಾರ್ಡಿನಿಂದ ಅಥವಾ ನಗದಾಗಿ ಕೊಡಿ, ರಸೀದಿಯಲ್ಲಿ ಎರಡೂ ಕಲಸಿಹೋಗದಿರಲಿ.

ಹೆಜ್ಜೆ 5: ‘ನಿಮಗೆ ಸಾಧ್ಯವಾದಷ್ಟು’ ಎನ್ನುವ ಕಡೆ

ಸಾಮುದಾಯಿಕ ಅಕ್ಯುಪಂಕ್ಚರ್ ಎಂಬುದೊಂದು ಪದ್ಧತಿ ಇದೆ. ಒಂದೇ ಹಾಲ್‌ನಲ್ಲಿ ಹತ್ತಾರು ಒರಗು ಕುರ್ಚಿಗಳು, ಪ್ಯಾಂಟು ಮಂಡಿವರೆಗೆ ಮಡಚಿ ಕಣ್ಣು ಮುಚ್ಚಿ ಕುಳಿತ ಜನ, ಅವರ ನಡುವೆ ಸದ್ದಿಲ್ಲದೆ ಓಡಾಡುವ ಒಬ್ಬರೇ ಚಿಕಿತ್ಸಕರು. ಆರೆಗನ್ ರಾಜ್ಯದ ಪೋರ್ಟ್‌ಲೆಂಡ್‌ನಲ್ಲಿ 2002ರಲ್ಲಿ ಶುರುವಾದ ಕ್ಲಿನಿಕ್ ಒಂದರಿಂದ ಇದು ಹಬ್ಬಿತು. ದರ ಇಂತಿಷ್ಟರಿಂದ ಇಂತಿಷ್ಟರವರೆಗೆ ಎಂದು ಬರೆದಿರುತ್ತಾರೆ, ನಿಮ್ಮ ಆದಾಯದ ಪುರಾವೆ ಯಾರೂ ಕೇಳುವುದಿಲ್ಲ.

ಇಲ್ಲಿ ಟಿಪ್ ಎಷ್ಟೆಂದು ತಲೆಕೆಡಿಸಿಕೊಳ್ಳುವ ಬದಲು ದರವನ್ನೇ ಪ್ರಾಮಾಣಿಕವಾಗಿ ಆರಿಸಿ. ಒಳ್ಳೆಯ ಸಂಬಳದವರು ಕೆಳಗಿನ ದರ ಕೊಟ್ಟು ಮೇಲೆ 3 ಡಾಲರ್ ಟಿಪ್ ಇಟ್ಟು ಉದಾರಿಗಳಂತೆ ಹೊರಬರುವುದನ್ನು ನೋಡಿದ್ದೇನೆ. ಮೇಲಿನ ದರ ಕೊಡುವ ಶಕ್ತಿಯಿದ್ದರೆ ಅದನ್ನೇ ಕೊಡಿ. ಕೆಳಗಿನ ದರದಲ್ಲಿ ಇನ್ನೊಬ್ಬರಿಗೆ ಕುರ್ಚಿ ಸಿಗುವುದು ಅದರಿಂದಲೇ. ದೇಣಿಗೆಯ ಡಬ್ಬಿ ಇಟ್ಟಿದ್ದರೆ ಅದಕ್ಕೆ ಹಾಕಬಹುದು.

ಹೆಜ್ಜೆ 6: ಪರದೆ ತಿರುಗಿದ ಆ ಐದು ಸೆಕೆಂಡು

ಹಣ ಪಾವತಿಯ ಯಂತ್ರಗಳು ಕಾಫಿ ಅಂಗಡಿಗೂ ಕ್ಲಿನಿಕ್‌ಗೂ ಒಂದೇ. ಟಿಪ್ ಪುಟ ತೋರಿಸಬೇಕೋ ಬೇಡವೋ ಎಂಬುದು ಅದರೊಳಗಿನ ಒಂದು ಆಯ್ಕೆ ಅಷ್ಟೆ. ಒಂದು ಕ್ಲಿನಿಕ್‌ನಲ್ಲಿ ನಾನು ಬೆರಳು ಮೇಲೆತ್ತಿ ನಿಂತದ್ದನ್ನು ನೋಡಿ ಅಲ್ಲಿನವರು ಬಗ್ಗಿ ಪರದೆ ನೋಡಿದರು. ‘ಅಯ್ಯೋ, ಇದು ಹೊಸ ಯಂತ್ರ, ಇದನ್ನೆಲ್ಲ ಕೇಳುತ್ತದೆಂದು ನನಗೆ ಗೊತ್ತೇ ಇರಲಿಲ್ಲ’ ಎಂದು ತಾವೇ ‘ಬೇಡ’ ಒತ್ತಿದರು. ಪುಟ ಕಂಡ ಮಾತ್ರಕ್ಕೆ ಎದುರಿಗಿರುವವರು ಕೈ ಚಾಚಿದ್ದಾರೆ ಎಂದುಕೊಳ್ಳಬೇಡಿ.

ಬೇಡವೆಂದು ನಿರ್ಧರಿಸಿದ್ದರೆ ‘ಟಿಪ್ ಬೇಡ’ ಒತ್ತಿ, ‘ಧನ್ಯವಾದ, ಮುಂದಿನ ವಾರಕ್ಕೆ ಸಮಯ ಗೊತ್ತುಮಾಡಿಕೊಳ್ಳಲೇ?’ ಎಂದು ಕೇಳಿ. ಮಾತು ಮುಂದಕ್ಕೆ ಹೋಗುತ್ತದೆ. ಕ್ಷಮೆ ಕೇಳುವುದು, ಕಾರಣ ಹೇಳುವುದು, ‘ಮುಂದಿನ ಸಲ ಖಂಡಿತ’ ಎನ್ನುವುದು ಬೇಡ.

ಕೊಡಬೇಕಾದ ಕಡೆ ಲೆಕ್ಕ ಹೀಗೆ: ರಿಯಾಯಿತಿ ಕೂಪನ್ ಇದ್ದರೆ ಪೂರ್ಣ ಬೆಲೆಯ ಮೇಲೆ ಎಣಿಸಿ. 100 ಡಾಲರ್ ಮಸಾಜ್ ನಿಮಗೆ 50ಕ್ಕೆ ಸಿಕ್ಕಿದ್ದರೂ ಒತ್ತಿದ ಬೆನ್ನು ಅರ್ಧವಲ್ಲ. ಟಿಪ್ 15ರಿಂದ 20 ಡಾಲರ್. ತೆರಿಗೆಯ ಮೇಲೆ ಎಣಿಸಬೇಕಿಲ್ಲ. ಹೋಟೆಲಿನ ಸ್ಪಾದಲ್ಲಿ ಬಿಲ್ಲಿನಲ್ಲೇ ಶೇಕಡಾ 18 ಅಥವಾ 20 ಸೇವಾ ಶುಲ್ಕ ಸೇರಿಸಿರುವುದುಂಟು. ಅದರ ಮೇಲೆ ಮತ್ತೊಮ್ಮೆ ಕೊಡುವ ಮೊದಲು, ‘ಇದು ಮಸಾಜ್ ಮಾಡಿದವರಿಗೆ ಸೇರುತ್ತದೆಯೇ?’ ಎಂದು ಕೇಳಿ. ಕಡ್ಡಾಯ ಸೇವಾ ಶುಲ್ಕ ಕಾನೂನಿನ ಕಣ್ಣಲ್ಲಿ ಟಿಪ್ ಅಲ್ಲ, ಅದನ್ನು ಏನು ಮಾಡಬೇಕೆಂಬುದು ಮಾಲೀಕರ ಇಚ್ಛೆ. ನಿಜವಾದ ಟಿಪ್ಪಿನಲ್ಲಿ ಮಾಲೀಕರಾಗಲಿ ವ್ಯವಸ್ಥಾಪಕರಾಗಲಿ ನೌಕರರ ಪಾಲಿಗೆ ಕೈ ಹಾಕುವಂತಿಲ್ಲವೆಂದು 2018ರ ತಿದ್ದುಪಡಿ ಹೇಳುತ್ತದೆ.

ಹೆಜ್ಜೆ 7: ಟಿಪ್ ಬೇಡ, ಆದರೆ ಮನಸ್ಸು ತಡೆಯುತ್ತಿಲ್ಲ ಎನ್ನುವವರಿಗೆ

ಈ ವಿದ್ಯೆಯ ತವರಿನಲ್ಲಿ ಹೇಳುವ ಕಥೆಯೊಂದಿದೆ. ಸುಮಾರು ಮೂರನೆಯ ಶತಮಾನದಲ್ಲಿ ಚೀನಾದ ಲೂಷಾನ್ ಬೆಟ್ಟದಲ್ಲಿ ಡೊಂಗ್ ಫೆಂಗ್ ಎಂಬ ವೈದ್ಯನಿದ್ದನಂತೆ. ಹಣ ಮುಟ್ಟುತ್ತಿರಲಿಲ್ಲ. ದೊಡ್ಡ ಕಾಯಿಲೆ ವಾಸಿಯಾದವರು ಐದು ಏಪ್ರಿಕಾಟ್ ಗಿಡ ನೆಡಬೇಕು, ಸಣ್ಣ ಕಾಯಿಲೆಯವರು ಒಂದು. ಗಿಡಗಳು ತೋಪಾದವು; ಹಣ್ಣು ಬೇಕಾದವರು ಧಾನ್ಯ ತಂದಿಟ್ಟು ಒಯ್ದರು, ಆ ಧಾನ್ಯ ಬಡವರಿಗೆ ಹೋಯಿತು. ಚೀನೀ ಭಾಷೆಯಲ್ಲಿ ‘ಏಪ್ರಿಕಾಟ್ ತೋಪು’ ಎಂದರೆ ಇಂದಿಗೂ ವೈದ್ಯ ವೃತ್ತಿ ಎಂದೇ ಅರ್ಥ.

ಉಡುಗೊರೆಯ ವಿಷಯದಲ್ಲಿ ಅಮೆರಿಕದ ವೈದ್ಯರ ಸಂಘದ ನೀತಿಸಂಹಿತೆ ಹೆಚ್ಚು ಕಡಿಮೆ ಇದೇ ದಾರಿಯಲ್ಲಿದೆ. ಸಣ್ಣ ಉಡುಗೊರೆ ಪಡೆಯಬಹುದು; ಅದು ಚಿಕಿತ್ಸೆಯ ಮೇಲೆ ಪ್ರಭಾವ ಬೀರಬಾರದು; ಅಳತೆ ಮೀರಿದ್ದನ್ನು ನಿರಾಕರಿಸಬೇಕು; ಬದಲಿಗೆ ಯಾವುದಾದರೂ ಸತ್ಕಾರ್ಯಕ್ಕೆ ಕೊಡಿ ಎಂದು ಸೂಚಿಸಬಹುದು. ಸಂಹಿತೆ ಬರೆದದ್ದು ವೈದ್ಯರಿಗಾದರೂ ಉಳಿದವರಿಗೂ ಒಳ್ಳೆಯ ಅಳತೆಗೋಲು.

ಕೈಬರಹದ ನಾಲ್ಕು ಸಾಲು ಎಲ್ಲಕ್ಕಿಂತ ಬೆಲೆಯುಳ್ಳದ್ದು. ‘ತುಂಬಾ ಧನ್ಯವಾದಗಳು’ ಎಂದಷ್ಟೇ ಬರೆಯದೆ, ಏನು ಬದಲಾಯಿತೆಂದು ಬರೆಯಿರಿ: ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದೆ, ರಾತ್ರಿ ಮೂರಕ್ಕೆ ಎಚ್ಚರವಾಗುವುದು ನಿಂತಿತು. ತಿನಿಸು ಕೊಡುವುದಾದರೆ ಕ್ಲಿನಿಕ್‌ನ ಎಲ್ಲರಿಗೂ ಹಂಚುವಂಥದ್ದಾಗಿರಲಿ, ಏನೇನು ಹಾಕಿದ್ದೀರೆಂದು ಚೀಟಿ ಅಂಟಿಸಿ. ಕಡಲೆಬೀಜದ ಅಲರ್ಜಿ ಇಲ್ಲಿ ತಮಾಷೆಯಲ್ಲ. ಪರಿಚಯದವರಿಗೆ ಹೆಸರು ಹೇಳಿ ಕಳುಹಿಸುವುದು ಸಣ್ಣ ಕ್ಲಿನಿಕ್‌ಗೆ ಶೇಕಡಾ 20ಕ್ಕಿಂತ ದೊಡ್ಡ ಆದಾಯ. ಅಂತರ್ಜಾಲದಲ್ಲಿ ವಿಮರ್ಶೆ ಬರೆಯುವುದೂ ಒಳ್ಳೆಯದೇ, ಆದರೆ ಕಾಯಿಲೆಯ ವಿವರಗಳನ್ನು ಎಷ್ಟು ಬಯಲಿಗಿಡುತ್ತಿದ್ದೀರಿ ಎಂದು ಒಮ್ಮೆ ಯೋಚಿಸಿ. ರೋಗಿಯ ಗೋಪ್ಯತೆಯ ಕಾನೂನು ಅವರ ಬಾಯಿ ಕಟ್ಟಿಹಾಕುತ್ತದೆ, ನಿಮ್ಮ ಬಾಯಿಯನ್ನಲ್ಲ.

ಇನ್ನೊಂದಿದೆ, ಖರ್ಚಿಲ್ಲದ್ದು: ಬರಲಾಗದಿದ್ದರೆ ಹಿಂದಿನ ದಿನವೇ ತಿಳಿಸಿ. ಒಬ್ಬರೇ ನಡೆಸುವ ಕ್ಲಿನಿಕ್‌ನಲ್ಲಿ ಖಾಲಿ ಬಿದ್ದ ಒಂದು ಗಂಟೆಯ ನಷ್ಟವನ್ನು ವರ್ಷದ ಟಿಪ್ಪುಗಳೂ ತುಂಬುವುದಿಲ್ಲ.

ಕೆಲವು ತೊಡಕುಗಳು

ಚಿಕಿತ್ಸೆ ಹಿಡಿಸಲಿಲ್ಲ, ಸೂಜಿ ಹಾಕಿದಲ್ಲಿ ನೀಲಿಗಟ್ಟಿತು ಎಂದಾದರೆ ಅದನ್ನು ಬಾಯಿಬಿಟ್ಟು ಹೇಳಿ. ಟಿಪ್ ಕಡಿಮೆ ಮಾಡಿ ಸೂಚಿಸುವುದು ಊಟದ ಮೇಜಿನ ಭಾಷೆ, ಇಲ್ಲಿ ಅದು ಯಾರಿಗೂ ಅರ್ಥವಾಗುವುದಿಲ್ಲ. ಸ್ಪಾದಲ್ಲೂ ಹಾಗೆಯೇ: ಒತ್ತು ಹೆಚ್ಚಾಯಿತೆಂದು ಮೇಜಿನ ಮೇಲಿರುವಾಗಲೇ ಹೇಳಬೇಕು.

ಮನೆಗೆ ಬರುವ ಆರೈಕೆದಾರರನ್ನು ಸಂಸ್ಥೆಯೊಂದು ಕಳುಹಿಸುತ್ತಿದ್ದರೆ ಆ ಸಂಸ್ಥೆಯ ನಿಯಮ ಮೊದಲು ಕೇಳಿ. ಹಣ ಪಡೆಯಕೂಡದೆಂದು ಹಲವು ಕಡೆ ಕಟ್ಟುನಿಟ್ಟು. ಹೆರಿಗೆಗೆ ಜೊತೆ ನಿಂತ ದೂಲಾ, ಸೂಲಗಿತ್ತಿಯರಿಗೆ ಟಿಪ್ ಎಂಬ ಪದವೇ ಹೊಂದುವುದಿಲ್ಲ. ಮಗುವಿನ ಫೋಟೊ, ಪತ್ರ, ಬೇಕಿದ್ದರೆ ಸಣ್ಣ ಉಡುಗೊರೆ ಸಾಕು.

ಕೊನೆಯದಾಗಿ, ಇದನ್ನು ಓದುವ ಮೊದಲೇ ಒಂದು ವರ್ಷದಿಂದ ಪ್ರತಿ ಸಲ ಶೇಕಡಾ 20 ಒತ್ತುತ್ತಾ ಬಂದವರು. ನಿಲ್ಲಿಸಿದರೆ ಮುನಿಸಿಕೊಂಡರೆಂದು ತಿಳಿದಾರು ಎಂಬ ಸಂಕೋಚ ನಿಮ್ಮದು. ಚಿಕಿತ್ಸಕರು ನಿಮ್ಮ ಕಾಲು ನೋಡುತ್ತಿರುವಾಗಲ್ಲ, ಫೋನಿನಲ್ಲಿ, ಸ್ವಾಗತದ ಮೇಜಿಗೆ ಹೀಗೆ ಹೇಳಿ: ‘ನಾನು ಇಷ್ಟು ದಿನ ಟಿಪ್ ಸೇರಿಸುತ್ತಿದ್ದೆ. ನಿಮ್ಮಲ್ಲಿ ಅದು ಬೇಕಿಲ್ಲದಿದ್ದರೆ ನನ್ನ ಕಾರ್ಡಿನಿಂದ ಶುಲ್ಕ ಮಾತ್ರ ತೆಗೆದುಕೊಳ್ಳುವಂತೆ ಗುರುತು ಹಾಕಿಕೊಳ್ಳುತ್ತೀರಾ?’ ಬೇಕಿಲ್ಲವೆಂದರೆ ಅವರು ಗುರುತು ಹಾಕಿಕೊಳ್ಳುತ್ತಾರೆ. ಮುಂದಿನ ಸಲ ಪರದೆ ನಿಮ್ಮ ಕಡೆಗೆ ತಿರುಗುವುದೇ ಇಲ್ಲ.